ಅಡ್ಡಿಲ್ಲ ಎನ್ನುವವರ ಊರಲ್ಲಿ ಭವ್ಯ

ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಹ್ಯಾಂಡ್‌ಪೋಸ್ಟಿನ ಕಡೆಗೆ ನಡೆದು ಹೊರಟರೆ ಸಾಕು, ‘ಭವ್ಯ’ ಎಂಬ ಪದ ಈಗ ಎಲ್ಲಿ ಬಿಡಾರ ಹೂಡಿದೆ ಎಂದು ಗೊತ್ತಾಗುತ್ತದೆ. ಕರೆಂಟ್ ಕಂಬಗಳ ಮೇಲೆ. ಮಂತ್ರಿಗಳಿಗೆ ಭವ್ಯ ಸ್ವಾಗತ, ಗಣಪತಿಯ ಭವ್ಯ ಮೆರವಣಿಗೆ, ಕಬಡ್ಡಿ ಪಂದ್ಯಾವಳಿಯ ಭವ್ಯ ಸಮಾರೋಪ, ಮೊಬೈಲ್ ಅಂಗಡಿಯ ಭವ್ಯ ಶುಭಾರಂಭ. ಜೂನ್ ತಿಂಗಳ ಗಾಳಿ ಶುರುವಾದ ಮೇಲೆ ಈ ಫ್ಲೆಕ್ಸುಗಳು ಒಂದೊಂದೇ ಹರಿಯುತ್ತವೆ. ಮಂತ್ರಿಗಳು ಹಾರಿಹೋಗಿ, ಸ್ವಾಗತವೂ ಹಾರಿಹೋಗಿ, ‘ಭವ್ಯ’ ಒಂದೇ ಉಳಿದುಕೊಂಡು, ಯಾರಿಗೆ, ಯಾಕೆ ಎಂದು ತಿಳಿಯದೆ ಪಟಪಟ ಬಡಿದುಕೊಳ್ಳುತ್ತಿರುತ್ತದೆ.

ಹರಿಯದೆ ಉಳಿದ ಫ್ಲೆಕ್ಸಿನ ಹಣೆಬರಹ ಇನ್ನೂ ಚೆನ್ನಾಗಿದೆ. ಮಲೆನಾಡಿನಲ್ಲಿ ಯಾವುದನ್ನೂ ಎಸೆಯುವ ಪದ್ಧತಿಯಿಲ್ಲ. ಸಮಾರಂಭ ಮುಗಿದ ರಾತ್ರಿಯೇ ಅದು ಯಾರದೋ ಜೀಪು ಹತ್ತುತ್ತದೆ. ಆಮೇಲೆ ಸೌದೆ ರಾಶಿಗೆ ಹೊದಿಕೆಯಾಗಿ, ದನದ ಕೊಟ್ಟಿಗೆಗೆ ಇರಚಲು ತಡೆಯುವ ಮರೆಯಾಗಿ, ಕಣದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಅಕಾಲದ ಮಳೆ ಬಿದ್ದಾಗ ಓಡಿಹೋಗಿ ಮುಚ್ಚುವ ತಾಡಪಾಲಾಗಿ ಸೇವೆ ಸಲ್ಲಿಸುತ್ತದೆ. ನಮ್ಮ ಸೌದೆ ಕೊಟ್ಟಿಗೆಯ ಬದಿಗೆ ಕಟ್ಟಿರುವುದರಲ್ಲಿ ಯಾವುದೋ ಪಕ್ಷದ ಮುಖಂಡರೊಬ್ಬರು ಹಲವು ಮಳೆಗಾಲಗಳಿಂದ ಕೈ ಮುಗಿದೇ ನಿಂತಿದ್ದಾರೆ. ಪಕ್ಷ ಬದಲಾಗಿದೆ ಎಂದು ಕೇಳಿದ್ದೇನೆ. ಫ್ಲೆಕ್ಸ್ ಬದಲಾಗಿಲ್ಲ.

ನನ್ನ ತಕರಾರು ಇರುವುದು ಫ್ಲೆಕ್ಸಿನ ಮೇಲಲ್ಲ. ಇಷ್ಟೆಲ್ಲ ಕಂಬಗಳ ಮೇಲೆ ನೇತಾಡುವ ಈ ಪದವನ್ನು ನಮ್ಮ ಕಡೆ ಬಾಯಲ್ಲಿ ಯಾರಾದರೂ ಆಡಿದ್ದನ್ನು ನೀವು ಕೇಳಿದ್ದೀರಾ? ಮದುವೆಗೆ ಹೋಗಿ ಬಂದವರು ‘ಊಟ ಭವ್ಯವಾಗಿತ್ತು’ ಎನ್ನುವುದಿಲ್ಲ. ಹೊಸ ಮನೆ ನೋಡಿ ಬಂದವರು ‘ಭವ್ಯವಾದ ಮನೆ ಮಾರಾಯ’ ಎನ್ನುವುದಿಲ್ಲ. ಹಾಗೇನಾದರೂ ಅಂದರೆ ಎದುರಿಗಿದ್ದವರು ಒಂದು ಕ್ಷಣ ತಡೆದು, ಇವನಿಗೆ ಮೈ ಹುಷಾರಿದೆಯಾ ಎಂಬಂತೆ ನೋಡುತ್ತಾರೆ.

ನಮ್ಮವರ ಬಾಯಲ್ಲಿ ಇರುವುದು ‘ಅಡ್ಡಿಲ್ಲ’. ಬಯಲುಸೀಮೆಯವರಿಗೆ ಈ ಪದದ ಮಹಿಮೆ ಬೇಗ ಅರ್ಥವಾಗುವುದಿಲ್ಲ. ಅವರು ಇದನ್ನು ‘ಪರವಾಗಿಲ್ಲ’ ಎಂದು ತಿಳಿದು ಬೇಜಾರು ಮಾಡಿಕೊಳ್ಳುತ್ತಾರೆ. ಮೈಸೂರಿನಿಂದ ಮದುವೆಯಾಗಿ ಬಂದ ನಮ್ಮ ಸಂಬಂಧಿಕರ ಸೊಸೆಯೊಬ್ಬಳು ಮೊದಲ ಸಲ ಕಡುಬು, ಕೋಳಿಸಾರು ಮಾಡಿದಾಗ ಮಾವನವರು ಪೂರ್ತಿ ಉಂಡು, ಮತ್ತೆರಡು ಕಡುಬು ಹಾಕಿಸಿಕೊಂಡು, ಕೈ ತೊಳೆದು ‘ಅಡ್ಡಿಲ್ಲ’ ಎಂದರಂತೆ. ಹುಡುಗಿ ಒಳಗೆ ಹೋಗಿ ಅತ್ತಳು. ಅತ್ತೆ ಸಮಾಧಾನ ಮಾಡಿದ್ದು ಹೀಗೆ: “ಅಳ್ತೀಯ ಯಾಕೆ? ನನಗೆ ಇಷ್ಟು ವರ್ಷದಲ್ಲಿ ಒಂದ್ ಸಲಾನೂ ಅಷ್ಟು ಹೇಳಿಲ್ಲ ಅವರು!”

ಅಡ್ಡಿಲ್ಲದಲ್ಲೂ ತರತಮವಿದೆ. ಮಗನ ಮಾರ್ಕ್ಸ್‌ ಕೇಳಿದಾಗ ಬರುವ ತುಂಡು ಅಡ್ಡಿಲ್ಲ ಬೇರೆ, ಹೆಣ್ಣು ನೋಡಿ ಬಂದ ದಿನದ ಎಳೆದ ಅಡ್ಡಿಲ್ಲ ಬೇರೆ. 2025ರ ಆರಂಭದಲ್ಲಿ ಕಾಫಿಯ ದರ ಯಾರೂ ಕಂಡು ಕೇಳದ ಎತ್ತರಕ್ಕೆ ಹೋಯಿತಲ್ಲ, ಆಗ ಬೇರೆ ಊರಾಗಿದ್ದರೆ ಪಟಾಕಿ ಹಾರಿಸುತ್ತಿದ್ದರು. ನಮ್ಮಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು (ಕಾಫಿ ಬೆಳೆಯುವವರು ಹೋಟೆಲಿನಲ್ಲಿ ಟೀ ಕುಡಿಯುವುದು ಇನ್ನೊಂದು ಹರಟೆಗೆ ಆಗುವ ವಿಷಯ) ಹೇಳಿದ್ದು ಇಷ್ಟೇ: “ರೇಟೇನೋ ಅಡ್ಡಿಲ್ಲ. ಗಿಡದಲ್ಲಿ ಕಾಳೆಲ್ಲಿದೆ?”

ಈ ಜಿಪುಣತನಕ್ಕೆ ಕಾರಣ ಇಲ್ಲದಿಲ್ಲ. ಚೆನ್ನಾಗಿದೆ ಎಂದು ಬಾಯಿ ಬಿಟ್ಟರೆ ದೃಷ್ಟಿಯಾಗುತ್ತದೆ ಎನ್ನುವುದು ಒಂದು. ಸಾಲ ಕೇಳುವವರು ಬರುತ್ತಾರೆ ಎನ್ನುವುದು ಇನ್ನೊಂದು. ಇವೆರಡಕ್ಕಿಂತ ದೊಡ್ಡದು, ಕಾಫಿ ಬೆಳೆಯುವವನಿಗೆ ಇವತ್ತಿನ ಚೆಂದವನ್ನು ನಂಬಿ ಅಭ್ಯಾಸವೇ ಇಲ್ಲದಿರುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ನಿಜಕ್ಕೂ ದೊಡ್ಡದನ್ನು ಕಂಡಾಗ ಏನನ್ನುತ್ತಾರೆ? ‘ಜೋರು’ ಅನ್ನುತ್ತಾರೆ. ಪಾರಸಿಯಿಂದ ಬಂದ ಈ ಎರಡಕ್ಷರದ ಪದ ಘಟ್ಟ ಹತ್ತಿ ನಮ್ಮಲ್ಲಿ ಸರ್ವಾಧಿಕಾರಿಯಾಗಿ ಕುಳಿತಿದೆ. ಮಳೆ ಜೋರು, ಮದುವೆ ಜೋರು, ಜ್ವರ ಜೋರು, ಪಕ್ಕದ ತೋಟದವರ ಹೆಂಡತಿಯೂ ಜೋರು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಯ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು, ವೀರೇಂದ್ರ ಪಾಟೀಲರು ಎದುರಾಳಿಯಾದರು, ದೆಹಲಿಯ ಪತ್ರಕರ್ತರೆಲ್ಲ ಬಂದು ಇಲ್ಲಿನ ಹೋಟೆಲುಗಳಲ್ಲಿ ಜಾಗವಿಲ್ಲದೆ ಒದ್ದಾಡಿದರು. ದೇಶದ ರಾಜಕೀಯ ತಿರುವು ತೆಗೆದುಕೊಂಡ ಗಳಿಗೆ ಅದು ಎಂದು ಪುಸ್ತಕಗಳು ಹೇಳುತ್ತವೆ. ಆ ಸಭೆಗಳನ್ನು ಕಣ್ಣಾರೆ ಕಂಡ ಹಿರಿಯರೊಬ್ಬರನ್ನು ನಾನು ಕೆದಕಿ ಕೆದಕಿ ಕೇಳಿದೆ. ಅವರು ಎಲೆಯಡಿಕೆ ಒಂದು ಕಡೆಗೆ ಸರಿಸಿಕೊಂಡು ಹೇಳಿದರು: “ಜನ ಜೋರಿತ್ತು.” ಅಷ್ಟೇ. ಮುಗಿಯಿತು ಇತಿಹಾಸ.

ದೊಡ್ಡಸ್ತಿಕೆಗೆ ಕನ್ನಡದಲ್ಲಿ ಪದಗಳ ಬರ ಇದೆ ಎಂದಲ್ಲ. ಅದ್ದೂರಿ, ವೈಭವ, ಭರ್ಜರಿ, ಗಡದ್ದು, ದೌಲತ್ತು, ದರ್ಬಾರು, ಯಾವುದು ಬೇಕು? ಆದರೆ ಒಂದೊಂದಕ್ಕೂ ಒಂದೊಂದು ಸೀಮೆಯಿದೆ. ಅದ್ದೂರಿ ಖರ್ಚಿಗೆ ಸಂಬಂಧಿಸಿದ್ದು. ಬೆಟ್ಟ ಎಷ್ಟೇ ಎತ್ತರವಾದರೂ ಅದ್ದೂರಿಯಾಗಲಾರದು, ಅದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ಗಡದ್ದು ಹೊಟ್ಟೆಯ ಸುತ್ತಮುತ್ತ ಮಾತ್ರ ಓಡಾಡುತ್ತದೆ, ಊಟ ಮತ್ತು ನಿದ್ದೆ ಬಿಟ್ಟು ಆಚೆ ಹೋಗುವುದಿಲ್ಲ. ವೈಭವ ಹೆಚ್ಚಾಗಿ ಹಾಳಾದ ಊರುಗಳಿಗೆ ಮೀಸಲು. ಹಂಪಿಯ ವೈಭವ ಎನ್ನುತ್ತೇವೆ, ಆದರೆ ಬಾಣಾವರದ ಸಂತೆಗೆ ಎಷ್ಟು ಜನ ಸೇರಿದರೂ ಅದಕ್ಕೆ ವೈಭವವಿಲ್ಲ, ಯಾಕೆಂದರೆ ಅದಿನ್ನೂ ನಡೆಯುತ್ತಿದೆ. ಭರ್ಜರಿ ಮರಾಠಿಯ ‘ಭರಜರಿ’, ಜರಿ ತುಂಬಿದ ಬಟ್ಟೆ. ಸೀರೆಯ ಅಂಗಡಿಯಿಂದ ಇಳಿದು ಬಂದು ಈಗ ಬಿರಿಯಾನಿಯವರೆಗೆ ತಲುಪಿದೆ. ನಟ ಧ್ರುವ ಸರ್ಜಾ ಅವರ ಮೊದಲ ಮೂರು ಸಿನಿಮಾಗಳ ಹೆಸರು ನೋಡಿ: 2012ರಲ್ಲಿ ಅದ್ದೂರಿ, 2014ರಲ್ಲಿ ಬಹದ್ದೂರ್, 2017ರಲ್ಲಿ ಭರ್ಜರಿ. ಒಬ್ಬರೇ ನಿಘಂಟಿನ ಒಂದು ಪುಟವನ್ನು ಗುತ್ತಿಗೆ ಹಿಡಿದಂತಿದೆ. ಅವರೂ ‘ಭವ್ಯ’ವನ್ನು ಮುಟ್ಟಲಿಲ್ಲ ಎನ್ನುವುದನ್ನು ಗಮನಿಸಬೇಕು.

ಮುಟ್ಟದಿರುವುದಕ್ಕೆ ಕಾರಣ ಊಹಿಸಬಲ್ಲೆ. ಕನ್ನಡದಲ್ಲಿ ಭವ್ಯ ಒಂದು ಹುಡುಗಿಯ ಹೆಸರು. ಎಂಬತ್ತರ ದಶಕದಲ್ಲಿ ಭವ್ಯ ಎಂಬ ನಟಿ ವಿಷ್ಣುವರ್ಧನ್ ಜೊತೆ ‘ನೀ ಬರೆದ ಕಾದಂಬರಿ’ಯಲ್ಲಿ ಕಾಣಿಸಿಕೊಂಡ ಮೇಲೆ ನಮ್ಮ ಕಡೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಭವ್ಯಂದಿರು ಎಷ್ಟಾದರೆಂದರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಭವ್ಯ ಬಿ., ಭವ್ಯ ಕೆ., ಭವ್ಯ ಎಂ. ಎಂದು ಸಾಲು ಹಚ್ಚಬೇಕಾಯಿತು. ‘ಭವ್ಯ ಎಲ್ಲಿ?’ ಎಂದು ಮೇಷ್ಟ್ರು ಕೇಳಿದರೆ ಅದು ತತ್ತ್ವಜಿಜ್ಞಾಸೆಯಲ್ಲ, ‘ಅವಳಿಗೆ ಮಂಗನಬಾವು ಸಾರ್’ ಎಂದು ಉತ್ತರ ಬರುತ್ತಿತ್ತು. ಹೀಗೆ ಬಾಯಿಗೆ ಬಂದದ್ದು ಹೆಸರಾಗಿ, ಬರೆಹಕ್ಕೆ ಹೋದದ್ದು ಫ್ಲೆಕ್ಸಾಗಿ, ನಡುವೆ ಗುಣವಾಚಕ ಎನ್ನುವುದು ಅನಾಥವಾಯಿತು.

ಇನ್ನು ನಮ್ಮ ಜಿಲ್ಲೆಯ ಹೆಸರೇ ‘ಚಿಕ್ಕ’ದಿಂದ ಶುರುವಾಗುತ್ತದೆ. ಸಖರಾಯಪಟ್ಟಣದ ರುಕ್ಮಾಂಗದನೆಂಬ ಅರಸ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಈಗ ಹಿರಿಯಳ ಊರು ಕಿರಿಯಳ ಊರಿನ ಬಡಾವಣೆಯಂತಾಗಿದೆ, ಅದು ಹೋಗಲಿ. ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರಿನ ಮುಳ್ಳಯ್ಯನಗಿರಿ, ಈ ಚಿಕ್ಕವಳ ಹಿತ್ತಿಲಲ್ಲಿದೆ. ಆದರೂ ಊರಿನವರು ಹೆಸರು ಬದಲಾಯಿಸಿಕೊಂಡಿಲ್ಲ, ಬದಲಾಯಿಸಬೇಕು ಎಂದು ಅರ್ಜಿಯನ್ನೂ ಕೊಟ್ಟಿಲ್ಲ.

ಶನಿವಾರ ಭಾನುವಾರ ಆ ಗಿರಿಯ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿರುತ್ತವೆ. ಅಲ್ಲಿ ಜೀಪು ಓಡಿಸುವ ಹುಡುಗರು ಇಡೀ ಸಹ್ಯಾದ್ರಿಯ ಸೌಂದರ್ಯಮೀಮಾಂಸೆಯನ್ನು ಒಂದೇ ಪದಕ್ಕೆ ಇಳಿಸಿಬಿಟ್ಟಿದ್ದಾರೆ: ‘ವ್ಯೂ’. ಬಿಸಿಲಿದ್ದರೆ “ಇವತ್ತು ವ್ಯೂ ಸಿಗುತ್ತೆ ಸಾರ್.” ಮಂಜು ಮುಸುಕಿದರೆ “ವ್ಯೂ ಇಲ್ಲ ಸಾರ್, ಆದ್ರೂ ಹೋಗ್ಬಹುದು.” ತರಕಾರಿ ಅಂಗಡಿಯಲ್ಲಿ ಬೀನ್ಸ್ ಬಂದಿದೆ, ಬಂದಿಲ್ಲ ಎನ್ನುವ ಧಾಟಿ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ದಿನಕ್ಕೆ ನಾಲ್ಕು ಸಲ ಗಿರಿ ಹತ್ತಿ ಇಳಿಯುವವನು ಪ್ರತಿ ಸಲವೂ ರೋಮಾಂಚನಗೊಂಡರೆ ಸ್ಟೇರಿಂಗ್ ಹಿಡಿಯುವವರು ಯಾರು?

ಸಂಸ್ಕೃತ ಬಲ್ಲವರನ್ನು ಕೇಳಿದರೆ ಭವ್ಯದ ಕತೆ ಬೇರೆಯೇ ಇದೆ. ‘ಭೂ’ ಎಂಬ ಧಾತು, ಅಂದರೆ ‘ಆಗು’. ಭವ, ಭಾವ, ಭವನ, ಭವಿಷ್ಯ ಎಲ್ಲ ಅದೇ ಮನೆಯ ಮಕ್ಕಳು. ವೈಭವವೂ ದೂರದಲ್ಲಿ ಅದೇ ಬಳಗ. ಭವ್ಯ ಎಂದರೆ ಮೊದಲಿಗೆ ದೊಡ್ಡದು ಎಂದಾಗಿರಲಿಲ್ಲ. ಆಗಲಿರುವುದು, ಆಗಬಲ್ಲದ್ದು, ಆಗತಕ್ಕದ್ದು. ಅಲ್ಲಿಂದ ತಕ್ಕದ್ದು, ಒಳ್ಳೆಯದು, ಚೆಂದದ್ದು ಎಂದು ಬೆಳೆದು, ಕೊನೆಗೆ ನಮ್ಮ ಕಾಲಕ್ಕೆ ಕತ್ತೆತ್ತಿ ನೋಡಬೇಕಾದದ್ದು ಎಂಬಲ್ಲಿಗೆ ಬಂದು ನಿಂತಿತು. ವಿಮರ್ಶಕರು ಗ್ರೀಕ್ ಮೀಮಾಂಸಕ ಲಾಂಜೈನಸನನ್ನು ಕನ್ನಡದಲ್ಲಿ ವಿವರಿಸುವಾಗ ಭವ್ಯತೆ ಎಂಬ ಪದವನ್ನು ಎತ್ತಿಕೊಂಡದ್ದರಿಂದ ಅದಕ್ಕೆ ಕಾಲೇಜಿನ ಗತ್ತೂ ಬಂತು.

ನಡುವೆ ಈ ಪದ ಇನ್ನೊಂದು ಜನ್ಮ ಕಳೆದಿದೆ, ಅದೂ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ. ಅಂಗಡಿ ಎಂಬ ಊರಿಗೆ ಹೋಗಿ ನೋಡಿ. ಹೆಸರು ಕೇಳಿ ಸಾಮಾನು ಕೊಳ್ಳಲು ಹೊರಟವರಂತೆ ಆಗಬೇಡಿ. ಇದು ಹಳೆಯ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸಳ ಹುಲಿಯನ್ನು ಹೊಯ್ದ ಕತೆ ನಡೆಯುವುದು ಇಲ್ಲಿಯ ವಾಸಂತಿಕಾ ದೇವಿಯ ಗುಡಿಯ ಮುಂದೆ, ‘ಹೊಯ್’ ಎಂದು ಅಪ್ಪಣೆ ಕೊಟ್ಟವನು ಸುದತ್ತನೆಂಬ ಜೈನಮುನಿ. ಕಾಫಿ ತೋಟಗಳ ನಡುವೆ ಹಳೆಯ ಬಸದಿಗಳು ಈಗಲೂ ಇವೆ. ಬೇಲೂರು ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಆ ಮನೆತನ ಹುಟ್ಟಿದ ಜಾಗಕ್ಕೆ ಬರುವವರು ಬೆರಳೆಣಿಕೆ. ಬೇಲೂರಿನ ಮುಂದೆ ಅಂಗಡಿ ಏನೇನೂ ಭವ್ಯವಲ್ಲ.

ಆದರೆ ಆ ಬಸದಿಗಳಿಗೆ ಬಂದು ಕೈ ಮುಗಿಯುತ್ತಿದ್ದವರನ್ನು ಅಂದಿನ ಭಾಷೆಯಲ್ಲಿ ಕರೆಯುತ್ತಿದ್ದುದೇ ‘ಭವ್ಯರು’ ಎಂದು. ಜೈನರಲ್ಲಿ ಭವ್ಯ ಎಂದರೆ ಮೋಕ್ಷಕ್ಕೆ ಅರ್ಹತೆಯಿರುವ ಜೀವ. ಎಂದೋ ಒಂದು ದಿನ, ಎಷ್ಟು ಜನ್ಮವಾದರೂ ಆಗಲಿ, ಬಿಡುಗಡೆ ಹೊಂದಬಲ್ಲವನು. ಅದಿಲ್ಲದವನು ಅಭವ್ಯ. ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ಯಲ್ಲಿ ಈ ಎರಡು ಬಗೆಯ ಜೀವಗಳನ್ನು ಬೇಯುವ ಮತ್ತು ಬೇಯದ ಶಕ್ತಿಗೆ ಹೋಲಿಸಿದ್ದಾರೆ. ಅಡುಗೆಮನೆಯಲ್ಲಿ ಕೈಯಾಡಿಸಿದ ಯಾರಿಗಾದರೂ ಇದು ತಟ್ಟನೆ ಹೊಳೆಯುತ್ತದೆ. ಒಂದು ಪಾವು ಕಾಳು ಬೇಯಿಸಿದರೆ ಅದರಲ್ಲಿ ನಾಲ್ಕಾದರೂ ಎಷ್ಟು ಕುದಿಸಿದರೂ ಕಲ್ಲಾಗಿಯೇ ಉಳಿದು ಹಲ್ಲಿಗೆ ಸಿಗುತ್ತವಲ್ಲ, ಅವು ಅಭವ್ಯ. ಮಿಕ್ಕವೆಲ್ಲ ಭವ್ಯ. ಹಳಗನ್ನಡದ ಜೈನ ಕಾವ್ಯದಲ್ಲೋ ಶಾಸನದಲ್ಲೋ ‘ಭವ್ಯ’ ಕಂಡಕೂಡಲೆ ಎತ್ತರದ ಗೋಪುರ ಎಂದು ಓದಿಕೊಂಡರೆ ಕೆಟ್ಟೆವು. ಹೊಯ್ಸಳ ಒಂದನೆಯ ನರಸಿಂಹ ಶ್ರವಣಬೆಳಗೊಳಕ್ಕೆ ಬಂದಾಗ, ಅವನ ಭಂಡಾರಿ ಹುಳ್ಳರಾಜ 1159ರ ಸುಮಾರಿಗೆ ಕಟ್ಟಿಸಿದ ಬಸದಿಗೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟ. ಬಸದಿ ದೊಡ್ಡದಿದೆ ಎಂದು ಹೊಗಳಿದ್ದಲ್ಲ ಅದು, ಭಕ್ತರ ತಲೆಯ ಮಣಿ ಎಂದು.

ಘಟ್ಟದ ಅಂಚಿನ ಕಳಸಕ್ಕೂ ಇದರ ನಂಟಿದೆ. ಕಳಸ ಕಾರ್ಕಳಗಳನ್ನು ಆಳಿದ ಭೈರರಸರು ಜೈನರು. ಕಳಸೇಶ್ವರನಿಗೆ ದತ್ತಿ ಬಿಟ್ಟ ಜೈನರು. ಆ ಮನೆತನದ ವೀರಪಾಂಡ್ಯ 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಹಳೆಯ ಅರ್ಥದ ಭವ್ಯನೊಬ್ಬ ಹೊಸ ಅರ್ಥದ ಭವ್ಯವನ್ನು ಕಡೆಯಿಸಿದ ಹಾಗಾಯಿತು. ಪದದ ಎರಡು ಅರ್ಥಗಳೂ ಅಲ್ಲಿ ಒಂದೇ ಬಂಡೆಯ ಮೇಲೆ ಭೇಟಿಯಾದವು.

ಈಗ ಕಾಫಿಗೆ ಬರುತ್ತೇನೆ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ತೋಟಗಳಲ್ಲಿ ಹೂ ಅರಳುವುದನ್ನು ನೋಡಿದವರು ಮರೆಯುವುದಿಲ್ಲ. ಹಸಿರು ಗಿಡದ ಗೆಣ್ಣುಗೆಣ್ಣಿಗೂ ಬಿಳಿ ಹೂವಿನ ಗೊಂಚಲು, ಮಲ್ಲಿಗೆಯಂಥ ವಾಸನೆ, ಗುಡ್ಡದಿಂದ ಗುಡ್ಡಕ್ಕೆ ಹೆಜ್ಜೇನು ತುಡುವೆಗಳ ಗುಂಯ್‌ಗುಡುವಿಕೆ. ಎರಡು ಮೂರು ದಿನವಷ್ಟೇ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಈ ದಿನಗಳಲ್ಲಿ ಬೆಂಗಳೂರಿನ ನೆಂಟರು ಬಂದರೆ ಅವರ ಬಾಯಿಂದ ‘ಭವ್ಯ’ಕ್ಕೆ ಹತ್ತಿರದ ಏನಾದರೂ ಉದ್ಗಾರ ಬಂದೇ ಬರುತ್ತದೆ. ಜೊತೆಗೆ ನಿಂತ ತೋಟದವನ ಮುಖ ಮಾತ್ರ ಬ್ಯಾಂಕಿನ ಕ್ಯೂನಲ್ಲಿ ನಿಂತವನದು. ಅವನು ಹೂ ನೋಡುತ್ತಿಲ್ಲ, ಆಕಾಶ ನೋಡುತ್ತಿದ್ದಾನೆ.

ಕಾರಣ ಹೀಗಿದೆ. ಹೂ ಬರಬೇಕಾದರೆ ಮೊದಲು ಹೂಮಳೆ ಬೀಳಬೇಕು. ಬೆಳೆಗಾರರ ಲೆಕ್ಕದಲ್ಲಿ ಮಳೆಗೆ ಮಿಲಿಮೀಟರ್ ಇಲ್ಲ, ಇಂಚು ಮತ್ತು ಸೆಂಟು. ಒಂದು ಇಂಚಿಗೆ ನೂರು ಸೆಂಟು. ರಾತ್ರಿ ಗುಡುಗಿ ಮಳೆ ಬಂದರೆ, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅಂಗಳದ ಮಳೆಮಾಪಕದ ಹತ್ತಿರ ಹೋಗಿ, ಒಳಗಿನ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಡೈರಿಯಲ್ಲಿ ಬರೆಯಬೇಕು. ಅಪ್ಪ ಬರೆದ, ಅಜ್ಜ ಬರೆದ ಡೈರಿಗಳು ಬೀರುವಿನಲ್ಲಿ ಇರುತ್ತವೆ. ಅವುಗಳಲ್ಲಿ ಮದುವೆ, ಸಾವು, ಹುಟ್ಟು ಸಿಗಲಿಕ್ಕಿಲ್ಲ, ಸೆಂಟು ಸಿಗುತ್ತದೆ. ಆಮೇಲೆ ಫೋನು ಶುರು.

“ನಿಮ್ಮಲ್ಲೆಷ್ಟು?”

“ಎಂಬತ್ತೈದು ಸೆಂಟು. ನಿಮ್ಮಲ್ಲಿ?”

“ಬರೀ ಇಪ್ಪತ್ತು ಮಾರಾಯ್ರೆ. ಇದ್ದ ಮೊಗ್ಗನ್ನೂ ಕೆಡಿಸ್ತು.”

ಎಂಬತ್ತೈದು ಸೆಂಟಿನವನು ಇಲ್ಲಿ ಖುಷಿ ತೋರಿಸುವಂತಿಲ್ಲ. “ಹೂಂ, ಏನ್ ಮಾಡೋದು, ನಮ್ಮಲ್ಲೂ ಬ್ಯಾಕಿಂಗ್ ಬೀಳ್ಬೇಕಲ್ಲ” ಎನ್ನುತ್ತಾನೆ. ಇದು ಸೌಜನ್ಯವೂ ಹೌದು, ನಿಜವೂ ಹೌದು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದು ಹೋಯಿತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಚ್ಚುತ್ತದೆ, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು, ಗಾಳಿ ಮತ್ತು ಜೇನಿನ ದಯೆ. ಹೂ ಮುಗಿದ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಲಿಲ್ಲವೋ, ಕಚ್ಚಿದ ಕಾಯಿಯೂ ನಿಲ್ಲುವುದಿಲ್ಲ. ಸ್ಪ್ರಿಂಕ್ಲರ್ ಇದ್ದವರು ಹಳ್ಳಕ್ಕೆ ಮೋಟಾರು ಇಳಿಸುತ್ತಾರೆ, ಹಳ್ಳದಲ್ಲಿ ನೀರಿದ್ದರೆ. ಇಷ್ಟೂ ದಾಟಿದ ಮೇಲೆ ಜೂನ್ ಜುಲೈನ ಮಳೆಗೆ ಕೊಳೆರೋಗ, ಆಮೇಲೆ ಕಾಯಿಕೊರಕ, ಕಾಂಡಕೊರಕ, ಕೊಯ್ಲಿನ ಹೊತ್ತಿಗೆ ಆನೆ. ಹೂವಿನ ತಿಂಗಳಲ್ಲಿ ಅವನು ನೋಡುತ್ತಿರುವುದು ಡಿಸೆಂಬರ್ ಜನವರಿಯನ್ನು. ಭವ್ಯ ಎಂಬ ಪದವನ್ನು ಅವನು ಬಾಯಲ್ಲಿ ಹೇಳದಿರಬಹುದು, ಆದರೆ ಅದರ ಮೂ‍ಲ ಅರ್ಥದೊಳಗೇ, ಆಗಲಿರುವುದರ ಒಳಗೇ, ವರ್ಷಪೂರ್ತಿ ಕೂತಿರುತ್ತಾನೆ. ಇಂಥವನಿಗೆ ಅಡ್ಡಿಲ್ಲ ಎನ್ನುವುದೇ ದೊಡ್ಡ ಮಾತು.

ಕಾಫಿಗೆ ವಿಶೇಷಣಗಳು ಹತ್ತಿಕೊಳ್ಳುವುದು ಅದು ಊರು ಬಿಟ್ಟ ಮೇಲೆ. ಗಿಡದಲ್ಲಿದ್ದಾಗ ಅದು ಹಣ್ಣು, ಪಲ್ಪರ್‌ನಲ್ಲಿ ತೊಳೆದರೆ ಪಾರ್ಚ್‌ಮೆಂಟ್, ಹಾಗೇ ಒಣಗಿಸಿದರೆ ಚೆರ್ರಿ, ನೀರಿಗೆ ಹಾಕಿದಾಗ ತೇಲಿದರೆ ಜೊಳ್ಳು. ಮೂಟೆ ಕಟ್ಟಿ ಕ್ಯೂರಿಂಗ್‌ಗೆ ಕಳಿಸಿದ ಮೇಲೆ ಅದರ ನಾಮಕರಣ ಶುರುವಾಗುತ್ತದೆ. ಚೆನ್ನಾಗಿ ತುಂಬಿದ ದಪ್ಪ ಅರೇಬಿಕಾ ಕಾಳಿಗೆ ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂಬ ಬಿರುದು. ಒಳ್ಳೆಯ ರೊಬಸ್ಟಾಕ್ಕೆ ‘ರೊಬಸ್ಟಾ ಕಾಪಿ ರಾಯಲ್’. ಭೈರರಸರಿಗೂ ಇಷ್ಟು ಉದ್ದದ ಬಿರುದು ಸಿಕ್ಕಿತ್ತೋ ಇಲ್ಲವೋ. ಒಡೆದ ಚೂರು, ಕಪ್ಪು, ಕಂದು ಕಾಳುಗಳಿಗೆ ಮಾತ್ರ ‘ಬ್ಲ್ಯಾಕ್ಸ್, ಬ್ರೌನ್ಸ್, ಬಿಟ್ಸ್’ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾರೆ. ರಾಯಲ್ ಎಲ್ಲ ಹಡಗು ಹತ್ತಿ ಯುರೋಪಿಗೆ ಹೋಗಿ, ಚಿಕೋರಿ ಬೆರೆಸಿದ ಪುಡಿಯನ್ನು ನಾವು ಅಂಗಡಿಯಿಂದ ತಂದು ಕುಡಿಯುವುದೂ ಉಂಟು.

ದೊಡ್ಡ ಮಾತಿನ ವಿಷಯದಲ್ಲಿ ಒಂದು ಅಪ್ಪ ಮಗನ ಜೋಡಿಯನ್ನು ನೆನೆಯದೆ ಈ ಕಡೆ ಹರಟೆ ಮುಗಿಸುವಂತಿಲ್ಲ. ಕುವೆಂಪು ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಮಲೆಯ ದೊಡ್ಡತನಕ್ಕೆ ಸರಿಗಟ್ಟುವ ಭಾಷೆ ಬೇಕೆಂದು ಸಂಸ್ಕೃತದ ಸಮಾಸಗಳನ್ನು ಬಂಡೆಗಳಂತೆ ಪೇರಿಸಿದವರು ಅವರು. ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಗೆ ಬಂದು ಕಾಫಿ ಬೆಳೆಯುತ್ತ ಕೂತರು, ಸ್ಕೂಟರಿನಲ್ಲಿ ಓಡಾಡಿದರು, ಮೀನು ಹಿಡಿದರು, ಹಕ್ಕಿಯ ಫೋಟೊ ತೆಗೆದರು. 1980ರಲ್ಲಿ ಬಂದ ‘ಕರ್ವಾಲೊ’ದಲ್ಲಿ ಕೆಲಸಕ್ಕೆ ಬಾರದವನೆಂದು ಊರೆಲ್ಲ ಕೈಬಿಟ್ಟ ಮಂದಣ್ಣ, ಒಬ್ಬ ವಿಜ್ಞಾನಿ, ಒಂದು ನಾಯಿ, ಇನ್ನೂ ನಾಲ್ಕು ಜನ ಸೇರಿ ಹಾರುವ ಓತಿಯ ಹಿಂದೆ ಬೀಳುತ್ತಾರೆ. ಅಂಗೈಯಗಲದ ಪ್ರಾಣಿ. ಅದನ್ನು ಹಿಂಬಾಲಿಸಿ ಹೋದವರಿಗೆ ಘಟ್ಟದ ನೆತ್ತಿಯಲ್ಲಿ ಲಕ್ಷಾಂತರ ವರ್ಷಗಳ ಕಾಲ ಕಣ್ಣಮುಂದೆ ತೆರೆದುಕೊಂಡಂತಾಗುತ್ತದೆ. ಲಾಂಜೈನಸ್ ಹೇಳುವ ಭವ್ಯತೆ ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ತೇಜಸ್ವಿ ಒಂದು ಜೋರು ವಿಶೇಷಣವನ್ನೂ ಖರ್ಚು ಮಾಡಲಿಲ್ಲ.

ಮದುವೆಯ ವಿಷಯದಲ್ಲೂ ಈ ಮನೆಯವರದು ಅದ್ದೂರಿಗೆ ವಿರುದ್ಧ ದಿಕ್ಕು. 1966ರಲ್ಲಿ ತೇಜಸ್ವಿಯವರ ಮದುವೆಯನ್ನು ಕುವೆಂಪು ತಾವೇ ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ಮಾಡಿದರು. ವಾಲಗ, ದಿಬ್ಬಣ, ವರದಕ್ಷಿಣೆ ಯಾವುದೂ ಇಲ್ಲ. ಮಲೆನಾಡಿನಲ್ಲಿ ಇವತ್ತಿಗೂ ಕೆಲವರು ಹಾಗೇ ಮದುವೆಯಾಗುತ್ತಾರೆ. ಬಹಳ ಜನ ಮಂತ್ರಮಾಂಗಲ್ಯದ ಪುಸ್ತಕವನ್ನು ಓದಿ, ಮೆಚ್ಚಿ, ಕಪಾಟಿನಲ್ಲಿಟ್ಟು ಕಲ್ಯಾಣಮಂಟಪ ಬುಕ್ ಮಾಡುತ್ತಾರೆ. ಬೀಗರೂಟಕ್ಕೆ ಎಷ್ಟು ಜನ ಬಂದರು ಎನ್ನುವುದೇ ನಮ್ಮಲ್ಲಿ ಮದುವೆಯ ಮಳೆಮಾಪಕ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಕೊಚ್ಚಿಹೋದವು. ಟೀವಿಯವರು ಆ ವಾರವೆಲ್ಲ ರುದ್ರನರ್ತನ, ರೌದ್ರಾವತಾರ ಎಂದು ಭಾರದ ಪದಗಳನ್ನೇ ಹೊತ್ತು ತಂದರು. ಮನೆ ಕಳೆದುಕೊಂಡವರು ಹೇಳುತ್ತಿದ್ದುದು, “ಗುಡ್ಡ ಕೆಳಗೆ ಬಂತು.” ಅದನ್ನು ಕೇಳಿದ ಮೇಲೆ ನಾನು ಚಾರ್ಮಾಡಿ ಘಾಟಿಯ ಕಡೆ ಮುಖ ಮಾಡಿ ಭವ್ಯ ಎಂದು ಬರೆಯುವುದನ್ನು ಕಡಿಮೆ ಮಾಡಿದ್ದೇನೆ. ಅದೇ ಇಳಿಜಾರು, ಅದೇ ಮಣ್ಣು.

ಕಳಸದ ಹತ್ತಿರ ಅಂಬುತೀರ್ಥ ಇದೆ. ಭದ್ರೆ ಅಲ್ಲಿ ಬಂಡೆಗಳ ಇಕ್ಕಟ್ಟಿನಲ್ಲಿ ಸಿಕ್ಕಿ ನೊರೆಗಟ್ಟಿ ನುಗ್ಗುತ್ತಾಳೆ. ದಡದಲ್ಲಿ ಒಂದು ಬಂಡೆಯ ಮೇಲೆ ಇನ್ನೊಂದು ಬಂಡೆ, ಹಳ್ಳಿಯವರೆಲ್ಲ ಸೇರಿ ತಳ್ಳಿದರೂ ಅಲುಗದಂಥದ್ದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದು ಇಟ್ಟರು ಎಂದು ಪ್ರತೀತಿ. ಅದನ್ನು ಹೇಳುವ ಸಂಸ್ಕೃತದ ಬರಹವೂ ಬಂಡೆಯ ಮೇಲಿದೆ. ನನಗೆ ಆ ಬರಹದ ಮೇಲೆ ವಿಶೇಷ ಗೌರವ. ಒಂದೇ ವಾಕ್ಯ: ಇಂಥವರು ಒಂದು ಕೈಯಿಂದ ತಂದು ಸ್ಥಾಪಿಸಿದ ಶಿಲೆ. ಬೃಹತ್ತಿಲ್ಲ, ಅದ್ಭುತವಿಲ್ಲ, ಅಮೋಘವಿಲ್ಲ. ತೋಟದ ರೈಟರು ಆಳುಗಳ ಹಾಜರಿಯ ಚೆಕ್‌ರೋಲಿನಲ್ಲಿ ‘ಗೊಬ್ಬರ, ಎರಡು ಆಳು’ ಎಂದು ಬರೆದ ಹಾಗೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಕೊಚ್ಚಿಕೊಳ್ಳುವುದಿದ್ದರೆ ಹೀಗೆ ಕೊಚ್ಚಿಕೊಳ್ಳಬೇಕು.

ಅಲ್ಲಿಂದ ಹೊರನಾಡಿಗೆ ಹೋಗುವ ಯೋಚನೆ ನಿಮಗಿದ್ದರೆ, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಮಾಡಿಯೇ ಬನ್ನಿ. ಹೋಗುವುದು ಮಳೆಗಾಲದಲ್ಲಾದರೆ ಹೆಬ್ಬಾಳೆ ಸೇತುವೆಯ ಕತೆ ಗೊತ್ತಿರಲಿ. ಭದ್ರೆಗೆ ಅಡ್ಡಲಾಗಿರುವ ಈ ಸೇತುವೆ ತಗ್ಗಿನಲ್ಲಿದೆ. ಕುದುರೆಮುಖದ ಕಡೆ ಮಳೆ ಬಿದ್ದರೆ ಸಾಕು, ಮುಳುಗುತ್ತದೆ. ಆಗ ಕ್ಯಾಮೆರಾ ಹಿಡಿದವರು ದಡದಲ್ಲಿ ನಿಂತು ಕೆಂಪು ನೀರನ್ನು ತೋರಿಸುತ್ತ ತಮಗೆ ಗೊತ್ತಿರುವ ದೊಡ್ಡ ಪದಗಳನ್ನೆಲ್ಲ ಬಳಸುತ್ತಾರೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಕಳಸದವರಿಗೆ ಬೇಕಾದದ್ದು ಒಂದೇ ಸುದ್ದಿ, ಸಂಜೆಯ ಬಸ್ಸು ದಾಟುತ್ತೋ ಇಲ್ಲ ಸುತ್ತು ಹಾಕಿ ಹೋಗಬೇಕೋ. ಅವರನ್ನೇ ಕೇಳಿ ಹೊರಡಿ.